ಮುಳ್ಳಿನ ಸುಳ್ಳು

ಮನುಷ್ಯನ ಮಾತಿಗಿಂತ ಯಂತ್ರದ ಮಾತಿಗೆ ಬೆಲೆ ಹೆಚ್ಚಾಗಿರುವ ಕಾಲವಿದು. ಮೈ ಬಿಸಿಯಾಗಿದೆಯೆಂದು ಅಜ್ಜಿ ಹೇಳಿದರೆ ನಾವು ನಂಬುವುದಿಲ್ಲ. ಜ್ವರಮಾಪಕ ಹೇಳಿದರೆ ನಂಬಿ ಮಲಗುತ್ತೇವೆ. ಅಂಗಡಿಯವರು ತೂಕ ಸರಿಯಾಗಿದೆಯೆಂದರೆ ಸಾಲದು, ತಕ್ಕಡಿ ಹೇಳಬೇಕು. ಯಂತ್ರಕ್ಕೆ ಹೆಂಡತಿ ಮಕ್ಕಳಿಲ್ಲ, ಹೊಟ್ಟೆಯ ಚಿಂತೆಯಿಲ್ಲ, ಅದು ಯಾರನ್ನು ಮೆಚ್ಚಿಸಲು ಸುಳ್ಳು ಹೇಳೀತು ಎಂಬುದು ನಮ್ಮ ತರ್ಕ. ತರ್ಕವೇನೋ ಚೆನ್ನಾಗಿದೆ. ಆದರೆ ನಮ್ಮ ಕಾಲೇಜಿನ ಅಂಗಳದಲ್ಲಿ ದಿನವೂ ಸಾಲುಗಟ್ಟಿ ನಿಲ್ಲುವ ಮೋಟಾರು ಸೈಕಲ್ಲುಗಳ ನೆತ್ತಿಯ ಮೇಲೆ ಕುಳಿತಿರುವ ಒಂದು ಯಂತ್ರ ಹುಟ್ಟಿದಂದಿನಿಂದಲೂ ಸ್ವಲ್ಪ ಹೆಚ್ಚು ಮಾಡಿಯೇ ಮಾತನಾಡುತ್ತದೆ. ಅದರ ಹೆಸರು ವೇಗಮಾಪಕ. ಎಲ್ಲರೂ ಕರೆಯುವ ಹೆಸರು ಸ್ಪೀಡೋಮೀಟರು.

ಅಳತೆಯಲ್ಲಿ ಉದಾರವಾಗಿರುವುದು ನಮ್ಮ ಕಡೆಯವರಿಗೆ ಹೊಸದಲ್ಲ. ನಮ್ಮೂರು ಉಡುತಡಿ. ಅಕ್ಕಮಹಾದೇವಿಯ ಹುಟ್ಟೂರೆಂದು ಅದನ್ನು ನಾಡೆಲ್ಲ ಬಲ್ಲದು. ದೂರದಿಂದ ಬಂದ ಯಾತ್ರಿಕರು ಶಿರಾಳಕೊಪ್ಪದಲ್ಲಿ ಬಸ್ಸಿಳಿದು, "ಉಡುತಡಿ ಎಷ್ಟು ದೂರ?" ಎಂದು ಕೇಳಿದರೆ, "ಇಲ್ಲೇ ರೀ, ಒಂದು ಕೂಗಳತೆ" ಎಂದು ಹೇಳುವ ಹಿರಿಯರು ಈಗಲೂ ಇದ್ದಾರೆ. ಯಾತ್ರಿಕರು ನಡೆಯತೊಡಗಿದ ಮೇಲೆ ಆ ಕೂಗು ಎಷ್ಟು ದೊಡ್ಡ ಗಂಟಲಿನದೆಂಬುದು ಅವರಿಗೆ ತಿಳಿಯುತ್ತದೆ. ಹಿಂದಿನವರಿಗೆ ಹರದಾರಿಯಿತ್ತು, ಆಮೇಲೆ ಮೈಲಿ ಬಂತು, 1956ರ ಅಳತೆ ತೂಕಗಳ ಕಾಯಿದೆಯ ತರುವಾಯ ಕಿಲೋಮೀಟರು ಬಂತು. ಆದರೂ ಕೂಗಳತೆ ಹೋಗಲಿಲ್ಲ. ಅದನ್ನು ಯಾರೂ ಮೋಸವೆನ್ನುವುದಿಲ್ಲ. ಅದು ಅಂದಾಜೆಂಬುದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ವೇಗಮಾಪಕದ ಸಂಗತಿ ಹಾಗಲ್ಲ. ಅದು ಅಂದಾಜಿಗೆ ಅಂಕೆಯ ವೇಷ ಹಾಕಿ ನಮ್ಮ ಮುಂದೆ ನಿಲ್ಲಿಸುತ್ತದೆ.

ಈ ಯಂತ್ರದ ಹೊಟ್ಟೆಯೊಳಗೆ ಏನಿದೆಯೆಂಬುದನ್ನು ಮೊದಲು ತಿಳಿಯಬೇಕು. ಮೈಸೂರಿನಲ್ಲಿ 1961ರಲ್ಲಿ ಜಾವಾ ಮೋಟಾರು ಸೈಕಲ್ಲುಗಳ ತಯಾರಿಕೆ ಮೊದಲಾಗಿ, ನಮ್ಮ ಮಲೆನಾಡಿನ ಅಂಚಿನ ಊರುಗಳಿಗೂ ಆ ಗುಡುಗುಡು ಸದ್ದು ಬಂದ ಕಾಲದಲ್ಲಿ, ವೇಗಮಾಪಕವೆಂದರೆ ಒಂದು ತಿರುಗುವ ತಂತಿ, ಒಂದು ಅಯಸ್ಕಾಂತ, ಒಂದು ಅಲ್ಯೂಮಿನಿಯಂ ಬಟ್ಟಲು, ಒಂದು ಕೂದಲೆಳೆಯಂಥ ಸುರುಳಿ, ಇಷ್ಟೆ. ಜರ್ಮನಿಯ ಓಟ್ಟೋ ಶುಲ್ಟ್ಸ್ ಎಂಬಾತ 1902ರಲ್ಲಿ ಈ ಉಪಾಯಕ್ಕೆ ಹಕ್ಕುಪತ್ರ ಪಡೆದ. ಗಾಡಿ ಓಡಿದಂತೆ ತಂತಿ ತಿರುಗುತ್ತದೆ. ತಂತಿಯ ತುದಿಯ ಅಯಸ್ಕಾಂತ ಬಟ್ಟಲಿನೊಳಗೆ ಬಟ್ಟಲನ್ನು ಮುಟ್ಟದೆಯೇ ತಿರುಗುತ್ತದೆ. ಮುಟ್ಟದಿದ್ದರೂ ಬಟ್ಟಲಿನಲ್ಲಿ ವಿದ್ಯುತ್ತಿನ ಸುಳಿಗಳೆದ್ದು, ಕಡೆಗೋಲಿನ ಹಿಂದೆ ಮಜ್ಜಿಗೆ ಸುತ್ತುವಂತೆ, ಬಟ್ಟಲೂ ಅಯಸ್ಕಾಂತದ ಹಿಂದೆ ಹೊರಡುತ್ತದೆ. ಪೂರ್ತಿ ತಿರುಗಲು ಸುರುಳಿ ಬಿಡುವುದಿಲ್ಲ. ಎಳೆತವೂ ತಡೆತವೂ ಸಮನಾದ ಕಡೆ ಬಟ್ಟಲು ನಿಲ್ಲುತ್ತದೆ. ಅದಕ್ಕೆ ಅಂಟಿಸಿದ ಮುಳ್ಳು ಆ ಅಂಕೆಯನ್ನು ತೋರಿಸುತ್ತದೆ. ಸುರುಳಿ ಮುದಿಯಾದರೆ, ಅಯಸ್ಕಾಂತ ಸೊರಗಿದರೆ, ಮುಳ್ಳಿನ ಮಾತು ಬದಲಾಗುತ್ತದೆ.

ಈಗಿನ ಗಾಡಿಗಳಲ್ಲಿ ತಿರುಗುವ ತಂತಿ ಹೋಗಿದೆ. ಚಕ್ರದ ಬಳಿಯಲ್ಲೋ ಗೇರುಪೆಟ್ಟಿಗೆಯ ಬಳಿಯಲ್ಲೋ ಒಂದು ಪುಟ್ಟ ಸೆನ್ಸರು ಕುಳಿತು, ತನ್ನೆದುರಿಗೆ ಹಾದುಹೋಗುವ ಹಲ್ಲುಗಳನ್ನು ಲೆಕ್ಕ ಹಾಕಿ, ಹಲ್ಲಿಗೊಂದರಂತೆ ವಿದ್ಯುತ್ತಿನ ಮಿಡಿತವನ್ನು ಮೀಟರಿಗೆ ಕಳಿಸುತ್ತದೆ. ಮೀಟರು ಆ ಮಿಡಿತಗಳನ್ನು ಎಣಿಸಿ ವೇಗವನ್ನು ತೋರಿಸುತ್ತದೆ, ದೂರವನ್ನು ಕೂಡಿಡುತ್ತದೆ. ಇಲ್ಲಿ ಸುರುಳಿ ಸೊರಗುವ ಭಯವಿಲ್ಲ. ಆದರೂ ಮುಳ್ಳು ಹೆಚ್ಚೇ ಹೇಳುತ್ತದೆ. ಏಕೆ?

ಏಕೆಂದರೆ ತಯಾರಿಸಿದವರೇ ಹಾಗೆ ಮಾಡಿ ಕಳಿಸಿದ್ದಾರೆ. ಯೂರೋಪು ಮೊದಲಾದ ಕಡೆಗಳಲ್ಲಿ ಅನುಸರಿಸುವ ವಿಶ್ವಸಂಸ್ಥೆಯ 39ನೆಯ ನಿಯಮಾವಳಿಯ ಪ್ರಕಾರ ಮುಳ್ಳು ನಿಜವಾದ ವೇಗಕ್ಕಿಂತ ಕಡಿಮೆಯನ್ನು ಎಂದೂ ತೋರಿಸಬಾರದು. ಹೆಚ್ಚು ತೋರಿಸಿದರೆ ಶೇಕಡಾ 10 ಮತ್ತು ಅದರ ಮೇಲೆ 4 ಕಿಲೋಮೀಟರಿನವರೆಗೆ ಕ್ಷಮೆಯುಂಟು. ಎಂದರೆ, ಗಾಡಿ ನಿಜವಾಗಿ 50ರಲ್ಲಿ ಹೋಗುತ್ತಿರುವಾಗ ಮುಳ್ಳು 59 ಎಂದರೂ ತಪ್ಪಲ್ಲ. 49 ಎಂದರೆ ಮಹಾಪರಾಧ. ಟಯರು ಸವೆದರೆ ಚಕ್ರದ ಸುತ್ತಳತೆ ಕುಗ್ಗುತ್ತದೆ, ಗಾಳಿ ಕಡಿಮೆಯಾದರೂ ಕುಗ್ಗುತ್ತದೆ, ಯಾರಾದರೂ ದೊಡ್ಡ ಟಯರು ಹಾಕಿಸಿದರೆ ಹಿಗ್ಗುತ್ತದೆ. ಇಷ್ಟೆಲ್ಲ ಏರುಪೇರಿನ ನಡುವೆ ಕಡಿಮೆ ಹೇಳದಂತೆ ನೋಡಿಕೊಳ್ಳಬೇಕಾದರೆ ಮೊದಲೇ ಸ್ವಲ್ಪ ಹೆಚ್ಚಿಗೆ ಹೇಳುವಂತೆ ಮಾಡಿಬಿಡುವುದೇ ಕ್ಷೇಮ. ಸಂತೆಯಲ್ಲಿ ಕಾಳು ಅಳೆದ ಮೇಲೆ ಹೆಂಗಸರು ಕೇಳಿ ಹಾಕಿಸಿಕೊಳ್ಳುವ ಕೊಸರಿನ ಹಾಗೆ ಇದೂ ಒಂದು ಕೊಸರು. ಸವಾರನ ತಲೆ ಉಳಿಯಲೆಂದು ಕೊಟ್ಟ ಕೊಸರು.

ಇಷ್ಟೇ ಆಗಿದ್ದರೆ ನಾನು ಈ ಪ್ರಬಂಧವನ್ನು ಬರೆಯುತ್ತಿರಲಿಲ್ಲ. ನನ್ನಣ್ಣ ಬಿತ್ತನೆ ಬೀಜ ಮಾರುವ ಒಂದು ಸಂಸ್ಥೆಯ ಪ್ರತಿನಿಧಿ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳಲ್ಲಿ ಮೆಕ್ಕೆಜೋಳ ಬೆಳೆಯುವವರ ಹೊಲಗಳಿಗೆ ಮೋಟಾರು ಸೈಕಲ್ಲಿನಲ್ಲಿ ಸುತ್ತುವುದು ಅವನ ಕೆಲಸ. ಸುತ್ತಿದ ದೂರವನ್ನು ಮೀಟರಿನಿಂದ ನೋಡಿ ಬರೆದು ಕೊಟ್ಟರೆ ಕಿಲೋಮೀಟರಿಗೆ 4 ರೂಪಾಯಿಯಂತೆ ಭತ್ಯೆ. ಮಳೆಗಾಲದಲ್ಲಿ ಕೆಮ್ಮಣ್ಣಿನ ದಾರಿಯಲ್ಲಿ ಹಿಂದೆ ಬೀಜದ ಚೀಲ ಕಟ್ಟಿಕೊಂಡು ಹೋಗುವಾಗ ಗಾಡಿ ಏದುಸಿರು ಬಿಡುತ್ತದೆಂದು, ಚೈನು ಬದಲಿಸುವ ಸಂದರ್ಭದಲ್ಲಿ, ಮುಂದಿನ ಸ್ಪ್ರಾಕೆಟ್ಟನ್ನೂ ಬದಲಿಸಿದ. 15 ಹಲ್ಲಿನದು ಹೋಗಿ 14 ಹಲ್ಲಿನದು ಬಂತು. "ಒಂದು ಹಲ್ಲು ಕಮ್ಮಿಯಾದ್ರೆ ಎಳೆತ ಜಾಸ್ತಿ ನೋಡ್ರಿ" ಎಂದು ಗ್ಯಾರೇಜಿನವರು ಹೇಳಿದ್ದು ನಿಜವಾಯಿತು. ಗಾಡಿ ಎತ್ತಿನಂತೆ ಎಳೆಯತೊಡಗಿತು. ಜೊತೆಗೆ ಇನ್ನೊಂದು ಪವಾಡವೂ ನಡೆಯಿತು. ಉಡುತಡಿಯಿಂದ ಆನವಟ್ಟಿಗಿದ್ದ ದೂರ, ಜಡೆಗಿದ್ದ ದೂರ, ಎಲ್ಲವೂ ಒಂದೇ ರಾತ್ರಿಯಲ್ಲಿ ಬೆಳೆದುಬಿಟ್ಟವು!

ಕಾರಣ ಸರಳ. ಆ ಗಾಡಿಯ ಸೆನ್ಸರು ಕುಳಿತಿರುವುದು ಗೇರುಪೆಟ್ಟಿಗೆಯ ಬಳಿ. ಹಲ್ಲು ಕಡಿಮೆಯಾದ ಮೇಲೆ ಹಿಂದಿನ ಚಕ್ರ ಒಂದು ಸುತ್ತು ಸುತ್ತಬೇಕಾದರೆ ಗೇರಿನ ದಂಡ ಮೊದಲಿಗಿಂತ ಹೆಚ್ಚು ತಿರುಗಬೇಕು. ಮೀಟರಿಗೆ ಈ ಬದಲಾವಣೆ ತಿಳಿಯದು. ಅದು ಹಳೆಯ ಲೆಕ್ಕದಲ್ಲೇ ಗುಣಿಸುತ್ತದೆ. ಮಗುವಿನ ಹೆಜ್ಜೆಗಳನ್ನು ಎಣಿಸಿ ಅಪ್ಪನ ಹೆಜ್ಜೆಯ ಉದ್ದದಲ್ಲಿ ದೂರ ಬರೆದಂತೆ.

ಅಣ್ಣನಿಗೆ ಅನುಮಾನ ಬಂದದ್ದು ತಿಂಗಳ ಲೆಕ್ಕ ಬರೆಯುವಾಗ. ಹೋದ ಊರುಗಳು ಅವೇ, ದೂರ ಮಾತ್ರ ಹೆಚ್ಚು. "ತಮ್ಮಾ, ಕಾಲೇಜಿಗೆ ಹೋಗ್ತೀಯಲ್ಲ, ಇದೇನು ಅಂತ ನೋಡು" ಎಂದ. ನಾನಾದರೋ ಇತಿಹಾಸದ ವಿದ್ಯಾರ್ಥಿ. ಆದರೆ ಅಳೆಯುವುದಕ್ಕೆ ವಿಜ್ಞಾನದ ಪದವಿಯೇ ಬೇಕೆಂದಿಲ್ಲ, ಗಡಿಯಾರವೂ ತಾಳ್ಮೆಯೂ ಇದ್ದರೆ ಸಾಕು.

ಒಂದು ಭಾನುವಾರ ಬೆಳಗಿನ ಜಾವ, ಪೆಟ್ರೋಲು ಬಂಕಿನಲ್ಲಿ ಟಯರುಗಳಿಗೆ ಸರಿಯಾದ ಒತ್ತಡಕ್ಕೆ ಗಾಳಿ ತುಂಬಿಸಿ, ಶಿರಾಳಕೊಪ್ಪದಿಂದ ಶಿಕಾರಿಪುರದ ಕಡೆಗೆ ಹೊರಟೆವು. ಅಣ್ಣ ಮುಂದೆ, ಗಡಿಯಾರ ಹಿಡಿದ ನಾನು ಹಿಂದೆ. ಮೊದಲು ದೂರದ ಪರೀಕ್ಷೆ. ರಸ್ತೆಯ ಬದಿಯ ಕಿಲೋಮೀಟರು ಕಲ್ಲಿನಿಂದ ಹತ್ತನೆಯ ಕಲ್ಲಿಗೆ ಹೋಗುವಷ್ಟರಲ್ಲಿ ಮೀಟರು 10.7 ಎಂದಿತು. ರಸ್ತೆ ಅಗಲ ಮಾಡುವಾಗ ಒಂದೊಂದು ಕಲ್ಲು ಜರುಗಿರಬಹುದೆಂದೇ ಹತ್ತು ಕಲ್ಲುಗಳನ್ನು ಹಿಡಿದದ್ದು. ಎರಡನೆಯದು ವೇಗದ ಪರೀಕ್ಷೆ. ಉಬ್ಬುತಗ್ಗಿಲ್ಲದ ನೇರ ದಾರಿಯಲ್ಲಿ ಮುಳ್ಳನ್ನು 60ರ ಮೇಲೆ ಕದಲದಂತೆ ನಿಲ್ಲಿಸಿ ಒಂದು ಕಿಲೋಮೀಟರು ಓಡಿಸಬೇಕು. ಮುಳ್ಳು ಸತ್ಯವಂತನಾಗಿದ್ದರೆ 60 ಸೆಕೆಂಡು ಸಾಕು. ಹೋಗುತ್ತ ಎರಡು ಸಲ, ಬರುತ್ತ ಎರಡು ಸಲ ನೋಡಿದೆವು. ಸರಾಸರಿ ಬಂದದ್ದು ಅರವತ್ತೇಳೂವರೆ ಸೆಕೆಂಡು. 3600ನ್ನು ಅರವತ್ತೇಳೂವರೆಯಿಂದ ಭಾಗಿಸಿದರೆ 53 ಚಿಲ್ಲರೆ. ಮೊಬೈಲಿನ ಜಿ.ಪಿ.ಎಸ್. ಕೂಡ ಬಯಲಿನ ಭಾಗದಲ್ಲಿ 53 ಎಂದೇ ಸಾಕ್ಷಿ ನುಡಿಯಿತು. ದಟ್ಟ ಮರಗಳ ನೆರಳಿನಲ್ಲಿ ಮಾತ್ರ ಅದೂ ತಡವರಿಸಿತು. ಆಕಾಶದ ಉಪಗ್ರಹಗಳು ಕಾಣದಿದ್ದರೆ ಅದು ತಾನೇ ಏನು ಮಾಡೀತು!

ಮನೆಗೆ ಬಂದು ಕಾಗದದ ಮೇಲೆ ಹಾಕಿದಾಗ ಒಂದು ಸ್ವಾರಸ್ಯ ಕಂಡಿತು. ದೂರದಲ್ಲಿ ಶೇಕಡಾ 7 ಹೆಚ್ಚು. ವೇಗದಲ್ಲಿ ಶೇಕಡಾ ಹನ್ನೆರಡೂವರೆ ಹೆಚ್ಚು. ಎರಡೂ ಒಂದೇ ಮೀಟರಿನ ಮಾತು, ಒಂದೇ ಸೆನ್ಸರಿನ ಮಿಡಿತ. ಹೀಗೇಕೆ? 15ನ್ನು 14ರಿಂದ ಭಾಗಿಸಿದರೆ ಬರುವುದು 1.07. ದೂರದ ಹೆಚ್ಚಳವೆಲ್ಲ ಆ ಕಳೆದುಹೋದ ಒಂದು ಹಲ್ಲಿನದು. ವೇಗದಲ್ಲಿ ಅದರ ಮೇಲೆ ಇನ್ನೊಂದು ಶೇಕಡಾ 5 ಉಂಟು. ಅದು ತಯಾರಕರ ಕೊಸರು. ಅವರು ಕೊಸರನ್ನು ಮುಳ್ಳಿಗೆ ಮಾತ್ರ ಕೊಟ್ಟಿದ್ದಾರೆ, ದೂರದ ಲೆಕ್ಕಕ್ಕೆ ಕೊಟ್ಟಿಲ್ಲ. ಹೀಗೆ ಒಂದೇ ಪೆಟ್ಟಿಗೆಯಲ್ಲಿ ಎರಡು ಸುಳ್ಳುಗಳು ಕೂಡಿಕೊಂಡಿದ್ದವು. ಒಂದು ಬೇಕೆಂದು ಇಟ್ಟದ್ದು, ಇನ್ನೊಂದು ತಾನಾಗಿ ಬಂದು ಸೇರಿದ್ದು.

ಇದಕ್ಕೊಂದು ಮದ್ದಿದೆ. ಹೊರದೇಶಗಳಲ್ಲಿ ಸ್ಪೀಡೋಹೀಲರ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಬೆಂಕಿಪೊಟ್ಟಣದಂಥ ಒಂದು ಎಲೆಕ್ಟ್ರಾನಿಕ್ ಸಾಧನವುಂಟು. ಆ ಜಾತಿಯ ಸಾಧನವೊಂದನ್ನು ಅಣ್ಣ ಅಂಚೆಯಲ್ಲಿ ತರಿಸಿದ. ಸೆನ್ಸರಿನಿಂದ ಮೀಟರಿಗೆ ಹೋಗುವ ತಂತಿಯ ನಡುವೆ ಅದು ಕೂಡುತ್ತದೆ. ಬಂದ ಮಿಡಿತಗಳನ್ನು ಓದಿ, ನಾವು ಹೇಳಿದ ಶೇಕಡಾವಾರು ಇಳಿಸಿಯೋ ಏರಿಸಿಯೋ ಹೊಸ ಮಿಡಿತಗಳನ್ನು ಮುಂದಕ್ಕೆ ಕಳಿಸುತ್ತದೆ. ನೂರು ಬಂದರೆ ತೊಂಬತ್ತಮೂರು ಕಳಿಸು ಎಂದರೆ ಹಾಗೆಯೇ ಕಳಿಸುತ್ತದೆ. ಇಬ್ಬರ ಜಗಳದಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಸ್ವಲ್ಪ ಮೆತ್ತಗೆ ಮಾಡಿ ಮುಟ್ಟಿಸುವ ಊರಿನ ಹಿರಿಯರಂತೆ. ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 125 ಸಿ.ಸಿ.ಗಿಂತ ಹೆಚ್ಚಿನ ಹೊಸ ದ್ವಿಚಕ್ರ ವಾಹನಗಳಿಗೆ 2019ರಿಂದ ನಮ್ಮ ದೇಶದಲ್ಲಿ ಎ.ಬಿ.ಎಸ್. ಬ್ರೇಕು ಕಡ್ಡಾಯವಾಗಿದೆ. ಚಕ್ರದ ಸೆನ್ಸರಿನಿಂದ ಬ್ರೇಕಿನ ಯಂತ್ರಕ್ಕೆ ಹೋಗುವ ತಂತಿಯನ್ನು ಯಾರೂ ಮುಟ್ಟಕೂಡದು. ಮೀಟರಿಗೆ ಹೆಚ್ಚುಕಡಿಮೆ ಹೇಳಿದರೆ ಲೆಕ್ಕ ತಪ್ಪೀತು. ಬ್ರೇಕಿಗೆ ಹೇಳಿದರೆ ಪ್ರಾಣ ತಪ್ಪೀತು. ಅಣ್ಣನ ಗಾಡಿ ಅದಕ್ಕಿಂತ ಹಳೆಯದು, ಆದುದರಿಂದ ಆ ತೊಡಕಿರಲಿಲ್ಲ.

ತೊಡಕಿದ್ದದ್ದು ಬೇರೆ ಕಡೆ. ಸಾಧನ ಒಂದೇ ಒಂದು ಅಂಕೆಯನ್ನು ಕೇಳುತ್ತದೆ, ನಮ್ಮಲ್ಲಿ ಎರಡು ಸುಳ್ಳುಗಳಿವೆ. ಅಣ್ಣ ತಿಂಗಳಿಗೆ ನಿಜವಾಗಿ ಓಡಿಸುವುದು 1400 ಕಿಲೋಮೀಟರು. ಮೀಟರು ತೋರಿಸುತ್ತಿದ್ದುದು 1500. ಶೇಕಡಾ 6.7ರಷ್ಟು ಇಳಿಸಿದರೆ ದೂರ ಸರಿಯಾಗಿ 1400 ಬರುತ್ತದೆ, ಮುಳ್ಳಿನಲ್ಲಿ ತಯಾರಕರ ಶೇಕಡಾ 5 ಹಾಗೆಯೇ ಉಳಿಯುತ್ತದೆ. ಶೇಕಡಾ 11.1ರಷ್ಟು ಇಳಿಸಿದರೆ ಮುಳ್ಳು ಹರಿಶ್ಚಂದ್ರನಾಗುತ್ತದೆ, ಆದರೆ ದೂರ 1333ಕ್ಕೆ ಇಳಿದು, ಓಡಿದ 67 ಕಿಲೋಮೀಟರುಗಳು ಲೆಕ್ಕಕ್ಕಿಲ್ಲದೆ ಮಾಯವಾಗುತ್ತವೆ. ಮುಳ್ಳಿನ ಸುಳ್ಳನ್ನು ಪೂರ್ತಿ ಅಳಿಸಹೋದರೆ ಅದು ಅಳಿಯುವುದಿಲ್ಲ, ಮುಳ್ಳಿನಿಂದ ಇಳಿದು ದೂರದ ಲೆಕ್ಕಕ್ಕೆ ಹೋಗಿ ಕೂಡುತ್ತದೆ. ಸಾಧನ ಮಾರುವವರ ಜಾಹೀರಾತನ್ನು ಓದಿ ಹಿಗ್ಗುವವರು ಮರೆಯುವ ಸಂಗತಿ ಇದೇ. ಮೂರನೆಯ ದಾರಿಯೂ ಒಂದಿತ್ತು: ಏನೂ ಮಾಡದೆ ಸುಮ್ಮನಿರುವುದು. ಆಗ ತಿಂಗಳಿಗೆ ಓಡದ 100 ಕಿಲೋಮೀಟರಿಗೆ 400 ರೂಪಾಯಿ ಬರುತ್ತಲೇ ಇರುತ್ತಿತ್ತು.

ರಾತ್ರಿ ಊಟಕ್ಕೆ ಕುಳಿತಾಗ ಈ ಮಾತು ಬಂತು. ಅವ್ವ ಎಲ್ಲವನ್ನೂ ಕೇಳಿ, "ಸಾವಿರಾರು ರೂಪಾಯಿ ಕೊಟ್ಟು ಪೆಟ್ಟಿಗೆ ತಂದು, ತಿಂಗಳಿಗೆ ನಾನೂರು ಕಳಕೊಳ್ಳೋದು ಅನ್ನು!" ಎಂದು ನಕ್ಕಳು. ನಾನು, "ಹಳೆಯ ಸ್ಪ್ರಾಕೆಟ್ಟನ್ನೇ ಹಾಕಿಸಿಬಿಡಬಹುದಲ್ಲ, ಅಣ್ಣ, ಖರ್ಚು ಕಡಿಮೆ" ಎಂದೆ. "ಕೆಸರಲ್ಲಿ ಚೀಲ ನೀನು ಹೊರ್ತೀಯೇನೋ?" ಎಂದ ಅಣ್ಣ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಗೊತ್ತಾಗೋವರೆಗೆ ಅದು ಮೀಟರಿನ ತಪ್ಪು. ನಿನ್ನೆಯಿಂದ ನನ್ನದು."

ಸಾಧನವನ್ನು 6.7ಕ್ಕೆ ಇಟ್ಟ. ಸ್ಪ್ರಾಕೆಟ್ಟು ಬದಲಿಸಿ ಆಗಲೇ ಮೂರು ತಿಂಗಳಾಗಿದ್ದವು. ಮುಂದಿನ ತಿಂಗಳ ಲೆಕ್ಕದಲ್ಲಿ 300 ಕಿಲೋಮೀಟರುಗಳನ್ನು ಕಳೆದು, ಕಾರಣವನ್ನು ಎರಡು ಸಾಲಿನಲ್ಲಿ ಬರೆದು ಕಳಿಸಿದ. ಮೇಲಿನವರು ಫೋನು ಮಾಡಿ, "ಇಷ್ಟಕ್ಕೆಲ್ಲ ಯಾಕ್ರೀ ಬರೆಯೋದು, ಯಾರು ನೋಡ್ತಾರೆ?" ಎಂದರಂತೆ. ಯಾರೂ ನೋಡುವುದಿಲ್ಲವೆಂಬುದು ನಿಜವೇ. ಸಂತೆಯ ತಕ್ಕಡಿಗೆ ಸರ್ಕಾರದ ಮುದ್ರೆಯುಂಟು, ಆಟೋರಿಕ್ಷಾದ ಮೀಟರಿಗೂ ಮುದ್ರೆಯುಂಟು. ಅವನ್ನು ನೋಡಿಕೊಳ್ಳಲು 2009ರ ಕಾನೂನು ಮಾಪನಶಾಸ್ತ್ರ ಕಾಯಿದೆಯೂ ಇಲಾಖೆಯೂ ಇವೆ. ಮೋಟಾರು ಸೈಕಲ್ಲಿಗೆ ವೇಗಮಾಪಕ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಆದರೆ ನಮ್ಮ ಮನೆಯ ಗಾಡಿಯ ಮೀಟರು ವರ್ಷವರ್ಷವೂ ಸರಿಯಾಗಿದೆಯೇ ಎಂದು ಮುದ್ರೆಯೊತ್ತಲು ಯಾರೂ ಬರುವುದಿಲ್ಲ. ಇದೇ ಸಾಧನದಿಂದ ದೂರವನ್ನು ಅರ್ಧಕ್ಕೆ ಇಳಿಸಿ, ಹಳೆಯ ಗಾಡಿಯನ್ನು ಹೊಸದೆಂದು ಮಾರುವುದೂ ಸಾಧ್ಯ. ಪೆಟ್ಟಿಗೆಗೆ ಅದೂ ಒಂದೇ, ಇದೂ ಒಂದೇ.

ನಮ್ಮೂರಿಗೆ ಹತ್ತಿರದ ಬಳ್ಳಿಗಾವೆಯಲ್ಲಿ ಗಂಡಭೇರುಂಡ ಸ್ತಂಭವಿದೆ. ಬನವಾಸಿ ನಾಡನ್ನು ಆಳುತ್ತಿದ್ದ ಚಾವುಂಡರಾಯರಸ ಅದನ್ನು 1047ರಲ್ಲಿ ನಿಲ್ಲಿಸಿದ. ಅಲ್ಲಿಯ ಶಾಸನಗಳಲ್ಲಿ ಭೂಮಿಯನ್ನು ಭೇರುಂಡಗಳೆಯಿಂದ ಅಳೆದು ಕೊಟ್ಟ ಮಾತು ಬರುತ್ತದೆ. ಊರೂರಿಗೆ ಗಳೆ ಬೇರೆಯಾಗಿದ್ದ ಕಾಲದಲ್ಲಿ ಇಂಥ ಗಳೆಯಿಂದ ಅಳೆದದ್ದೆಂದು ಕಲ್ಲಿನಲ್ಲಿ ಹೆಸರಿಟ್ಟು ಬರೆಯುತ್ತಿದ್ದರು. ನಮ್ಮ ಇತಿಹಾಸದ ತರಗತಿಯಲ್ಲಿ ಇದನ್ನು ಕೇಳಿದಾಗ ಇಷ್ಟೊಂದು ವಿವರವೇಕೆಂದು ನನಗೆ ಅನ್ನಿಸಿತ್ತು. ಈಗ ಅರ್ಥವಾಗುತ್ತದೆ. ಗಳೆ ಉದ್ದವಿರಲಿ, ಗಿಡ್ಡವಿರಲಿ, ಕೊಡುವವರಿಗೂ ಕೊಳ್ಳುವವರಿಗೂ ಅದು ಒಂದೇ ಆಗಿರಬೇಕು, ಇಬ್ಬರಿಗೂ ತಿಳಿದಿರಬೇಕು. ಅಣ್ಣನ ಮುಳ್ಳಿನಲ್ಲಿ ಉಳಿದಿರುವ ಶೇಕಡಾ 5ರಿಂದ ಯಾರ ಹಣವೂ ಹೋಗುವುದಿಲ್ಲ. ಅದು ಅವನಿಗೂ ತಿಳಿದಿದೆ, ತಯಾರಿಸಿದವರಿಗೂ ತಿಳಿದಿದೆ. ದೂರದಲ್ಲಿದ್ದ ಶೇಕಡಾ 7 ಹಾಗಲ್ಲ. ಅದಕ್ಕೆ ಬೆಲೆ ತೆರುತ್ತಿದ್ದವರಿಗೆ ಅದರ ಸುದ್ದಿಯೇ ಇರಲಿಲ್ಲ.

ಮಿತ್ರರಲ್ಲಿ ಅನೇಕರು ದಿನವೂ ಬೈಕಿನಲ್ಲಿ ಕಾಲೇಜಿಗೆ ಬರುವವರು. ಅವರಿಗೆ ಎರಡು ಮಾತು. ಬಿಡುವಿದ್ದಾಗ, ಸಂಚಾರವಿಲ್ಲದ ಹೊತ್ತಿನಲ್ಲಿ, ಹಿಂದೆ ಒಬ್ಬರನ್ನು ಗಡಿಯಾರ ಕೊಟ್ಟು ಕೂರಿಸಿಕೊಂಡು ಒಂದು ಕಲ್ಲಿನಿಂದ ಮುಂದಿನ ಕಲ್ಲಿಗೆ ಹೋಗಿ ನೋಡಿ. ಹಿಡಿದ ಸೆಕೆಂಡುಗಳಿಂದ 3600ನ್ನು ಭಾಗಿಸಿ. ಬಂದದ್ದೇ ನಿಮ್ಮ ನಿಜವಾದ ವೇಗ. ದೊಡ್ಡ ಟಯರು ಹಾಕಿಸಿದವರು ತಪ್ಪದೆ ನೋಡಬೇಕು, ಏಕೆಂದರೆ ಅವರ ಮುಳ್ಳು ಕೊಸರನ್ನೆಲ್ಲ ತಿಂದುಹಾಕಿ ಕಡಿಮೆ ಹೇಳುತ್ತಿರಬಹುದು. ಎರಡನೆಯದಾಗಿ, ಮುಳ್ಳನ್ನು ತಿದ್ದಿಸಿದವರು ಕೈಯನ್ನೂ ತಿದ್ದಿಕೊಳ್ಳಬೇಕು. ಮುಳ್ಳು 60 ಎನ್ನುವಾಗ 53ರಲ್ಲಿ ಹೋಗಿ ರೂಢಿಯಾದವರು, ತಿದ್ದಿದ ಮರುದಿನವೂ 60 ನೋಡಿಯೇ ಹಿಡಿ ತಿರುಗಿಸಿದರೆ ನಿಜವಾಗಿ 60ರಲ್ಲಿ ಹೋಗುತ್ತಾರೆ. ವೇಗ ಎಂಟರಲ್ಲೊಂದು ಪಾಲು ಹೆಚ್ಚಿದರೆ ಬ್ರೇಕು ಹಿಡಿದ ಮೇಲೆ ಜಾರುವ ದೂರ ಕಾಲುಭಾಗಕ್ಕೂ ಮಿಕ್ಕಿ ಹೆಚ್ಚುತ್ತದೆ. ನಮ್ಮ ರಸ್ತೆಗಳಲ್ಲಿ ಮೆಕ್ಕೆಜೋಳದ ಟ್ರಾಕ್ಟರುಗಳು ಹೊಲದಿಂದ ಯಾವ ಗಳಿಗೆಯಲ್ಲಿ ಅಡ್ಡ ಬರುತ್ತವೆಂಬುದನ್ನು ತೋರಿಸುವ ಮೀಟರನ್ನು ಇನ್ನೂ ಯಾರೂ ಮಾಡಿಲ್ಲ.

ಅಣ್ಣನ ಗಾಡಿ ಈಗಲೂ ಎರಡು ತಾಲ್ಲೂಕುಗಳನ್ನು ಸುತ್ತುತ್ತಿದೆ. ಆನವಟ್ಟಿ, ಜಡೆಗಳು ತಮ್ಮ ಹಳೆಯ ದೂರಕ್ಕೆ ಮರಳಿವೆ. ಭತ್ಯೆ ಕಡಿಮೆಯಾಗಿದೆ. ಅವ್ವ ಆ ಪುಟ್ಟ ಪೆಟ್ಟಿಗೆಯನ್ನು "ನಾನೂರು ರೂಪಾಯಿ ನುಂಗೋ ಪೆಟ್ಟಿಗೆ" ಎಂದು ಕರೆಯುತ್ತಾಳೆ. ಆದರೆ ಮನೆಗೆ ಬಂದವರಿಗೆಲ್ಲ ಅದರ ಕಥೆಯನ್ನು ಮೊದಲು ಹೇಳುವವಳೂ ಅವಳೇ.